ವೈಪಿ ಇಂಜಿನ್ ಮಾದರಿಗೆ ಯಾವ ಮೋಟಾರು, ಯಾವ ಗೇರ್ ಬಾಕ್ಸ್?

ತುಮಕೂರಿನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮೀಟರ್ ಗೇಜ್ ಕಾಲದ ವೈಪಿ ಉಗಿ ಇಂಜಿನ್ನನ್ನು 1:87 ಅಳತೆಯಲ್ಲಿ ಹಿತ್ತಾಳೆ ತಗಡಿನಿಂದ ಮಾಡುತ್ತಿದ್ದೇನೆ. ಹಳಿಯ ಅಗಲ 12 ಮಿ.ಮೀ. ಫ್ರೇಮ್ ಮುಗಿದಿದೆ, ಗಾಲಿಗಳು ಕೂತಿವೆ, ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಸೈಡ್ ರಾಡ್ ಹಾಕಿಯಾಗಿದೆ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಇದ್ದಾಗ ಓಡುತ್ತಿದ್ದಂಥ ಐದು ಬೋಗಿಯ ಪ್ಯಾಸೆಂಜರ್ ಗಾಡಿಯನ್ನು ಎಳೆದರೆ ಸಾಕು. ಮನೆಯ ಲೇಔಟಿನಲ್ಲಿ ಒಂದು ಸಣ್ಣ ಏರು ಇದೆ. ಸ್ನೇಹಿತರು ಕೊಟ್ಟ, ಮಶಿಮಾ ಕಂಪನಿಯ ಹಳೆಯ 1220 ಮೋಟಾರು ಇದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಎನ್20 ಎಂಬ ಪುಟ್ಟ ಗೇರ್ ಮೋಟಾರೂ ಇದೆ. ಯಾವುದನ್ನು ಹಾಕಲಿ? ಗೇರ್ ಅನುಪಾತ ಎಷ್ಟಿರಬೇಕು? ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ:

ಮೋಟಾರು ಆಮೇಲೆ ನೋಡೋಣ ಸರ್, ಮೊದಲು ಗಾಲಿ. ವೈಪಿಯ ದೊಡ್ಡ ಗಾಲಿಯ ವ್ಯಾಸ 1372 ಮಿ.ಮೀ. ನಿಮ್ಮ ಅಳತೆಗೆ ಹತ್ತಿರ ಹತ್ತಿರ 15.8. ನಿಜವಾದ ಇಂಜಿನ್ ಗಂಟೆಗೆ 75 ಕಿ.ಮೀ. ಓಡುವಾಗ ಆ ಗಾಲಿ ನಿಮಿಷಕ್ಕೆ ಸುಮಾರು 290 ಸುತ್ತು ಹೊಡೆಯುತ್ತದೆ. ಮಾದರಿಯ ಗಾಲಿಯೂ ಅಷ್ಟೇ ಸುತ್ತಬೇಕು. ಗಾಲಿ ಎಷ್ಟು ಪಟ್ಟು ಚಿಕ್ಕದೋ ವೇಗವೂ ಅಷ್ಟೇ ಪಟ್ಟು ಕಮ್ಮಿ, ಹಾಗಾಗಿ ಸುತ್ತಿನ ಲೆಕ್ಕ ಬದಲಾಗುವುದಿಲ್ಲ. ಇದು ಗೊತ್ತಾದರೆ ಅರ್ಧ ತಲೆನೋವು ಕಳೆದ ಹಾಗೆ.

ಈಗ ಮೋಟಾರು. 12 ವೋಲ್ಟಿಗೆ ಖಾಲಿ ತಿರುಗುವಾಗ 14,000 ಸುತ್ತು ಎಂದಿಟ್ಟುಕೊಳ್ಳಿ. ಹೊರೆ ಬಿದ್ದ ಮೇಲೆ ಮೂರನೇ ಒಂದು ಭಾಗ ಇಳಿಯಿತು ಅಂದರೆ 9,500 ಆಸುಪಾಸು. 30:1 ಗೇರ್ (ಮೋಟಾರು 30 ಸುತ್ತಿದರೆ ಗಾಲಿ ಒಂದು ಸುತ್ತು) ಹಾಕಿದರೆ ಗಾಡಿ ನಿಜವಾದ ಇಂಜಿನ್ನಿನ 82 ಕಿ.ಮೀ. ಲೆಕ್ಕದಲ್ಲಿ ಓಡುತ್ತದೆ. 40:1 ಹಾಕಿದರೆ 61. 54:1 ಆದರೆ 45. ಐದು ಬೋಗಿಯ ಪ್ಯಾಸೆಂಜರಿಗೆ ನನ್ನ ಮತ 40:1. ಮೀಟರ್ ಗೇಜಿನಲ್ಲಿ ಯಾರಿಗೆ ಅವಸರ ಇತ್ತು, ಅಲ್ವಾ? ಮುಂದೆ ಗೂಡ್ಸಿನ ವೈಜಿ ಮಾಡುವ ಯೋಚನೆ ಇದ್ದರೆ 54ಕ್ಕೆ ಹೋಗಿ, ಅದರ ಗಾಲಿ ಇನ್ನೂ ಚಿಕ್ಕದು. ನಾನು ಕೊಟ್ಟ 14,000ವನ್ನು ನೆಚ್ಚಿಕೊಳ್ಳಬೇಡಿ. ನಿಮ್ಮ ಕೈಲಿರುವ ಮೋಟಾರಿನ ಸುತ್ತು ಅಳೆದು ಲೆಕ್ಕ ಹಾಕಿ.

ಮಂಗಳೂರಿನಿಂದ:

ಎನ್20 ಅಂದ ಕೂಡಲೇ ಮೂಗು ಮುರಿಯುವವರು ಜಾಸ್ತಿ ಮಾರಾಯ್ರೆ. ನನ್ನ ಎರಡು ಶಂಟಿಂಗ್ ಇಂಜಿನ್ ಅದರಲ್ಲೇ ಓಡುತ್ತಿವೆ. ಅದರಲ್ಲಿ ಗೇರ್ ಸೇರಿಕೊಂಡೇ ಬರುತ್ತದೆ. 12 ವೋಲ್ಟಿಗೆ 300 ಸುತ್ತಿನದು ತಗೊಂಡರೆ ಮೇಲಿನವರು ಹೇಳಿದ 290ಕ್ಕೆ ಸರಿಹೋಯಿತು. ಆಮೇಲೆ ಬೇಕಾದದ್ದು ತಿರುಗುವ ದಿಕ್ಕನ್ನು ಅಡ್ಡಕ್ಕೆ ಬದಲಿಸುವ 1:1 ಬೆವೆಲ್ ಗೇರ್ ಒಂದು ಜೊತೆ ಮಾತ್ರ. ವರ್ಮ್ (ಸ್ಕ್ರೂ ಥರದ ಗೇರು) ಇಲ್ಲದ್ದರಿಂದ ಇಂಜಿನ್ನನ್ನು ಕೈಯಲ್ಲಿ ತಳ್ಳಿದರೂ ನಿಧಾನಕ್ಕೆ ಉರುಳುತ್ತದೆ.

ಆದರೆ ಕೊಳ್ಳುವಾಗ ವೋಲ್ಟ್ ನೋಡಿ. ಅಂಗಡಿಯಲ್ಲಿ 6 ವೋಲ್ಟಿನದು, 12 ವೋಲ್ಟಿನದು ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. ನೋಡಲಿಕ್ಕೆ ಎರಡೂ ಒಂದೇ ಥರ. 6ರದ್ದಕ್ಕೆ 12 ಕೊಟ್ಟರೆ ಬ್ರಶ್ ಬೇಗ ಸವೆಯುತ್ತದೆ. ಸದ್ದಿನ ವಿಷಯಕ್ಕೆ ಬಂದರೆ, ಅದರ ನೇರ ಹಲ್ಲಿನ ಗೇರು ಕಾಫಿ ಪುಡಿ ಮಾಡುವ ಮಿಕ್ಸಿಯ ತಮ್ಮನೇ. ಡೀಸೆಲ್ ಇಂಜಿನ್ನಿಗೆ ನಡೆಯುತ್ತದೆ. ಉಗಿ ಇಂಜಿನ್ನಿಗೆ ನಿಮಗೆ ಇಷ್ಟವಾಗುವುದು ಡೌಟು.

ಹುಬ್ಬಳ್ಳಿಯಿಂದ:

ಲೇತ್ ಕೆಲಸ ಮಾಡಿ ನಿವೃತ್ತನಾದವನು ನಾನು. ಮೋಟಾರು ಯಾವುದಾದರೂ ಇರಲಿ, ಕೆಡುವುದು ವರ್ಮ್ ಕೂರಿಸುವ ಕಡೆ. ಮೂರು ಮಾತು ಹೇಳುತ್ತೇನೆ.

ವರ್ಮ್ ತಿರುಗುವಾಗ ಶಾಫ್ಟನ್ನು ಉದ್ದಕ್ಕೆ ತಳ್ಳುತ್ತದೆ. ಮುಂದೆ ಓಡುವಾಗ ಒಂದು ಕಡೆ, ಹಿಂದೆ ಓಡುವಾಗ ಇನ್ನೊಂದು ಕಡೆ. ಶಾಫ್ಟಿನಲ್ಲಿ ಉದ್ದಕ್ಕೆ ಆಟ ಜಾಸ್ತಿ ಇದ್ದರೆ ಗಾಡಿ ಇಳಿಜಾರಿನಲ್ಲಿ ಗಕ ಗಕ ಎಂದು ಎಳೆದು ಬಿಟ್ಟ ಹಾಗೆ ಹೋಗುತ್ತದೆ. ಹಿಂದಿನ ಬೋಗಿಗಳು ಇಂಜಿನ್ನನ್ನು ತಳ್ಳುತ್ತವೆ, ವರ್ಮ್ ತಡೆಯುತ್ತದೆ, ಶಾಫ್ಟು ಆ ತುದಿಗೂ ಈ ತುದಿಗೂ ಬಡಿಯುತ್ತದೆ. ಏರು ಇದೆ ಅಂದಿರಿ. ಅಂದಮೇಲೆ ಇಳಿಜಾರೂ ಇದೆಯಲ್ಲ! ವರ್ಮಿನ ಎರಡೂ ಬದಿಗೆ ತೆಳು ವಾಷರ್ ಕೊಟ್ಟು ಆಟವನ್ನು ಕೂದಲೆಳೆಯಷ್ಟಕ್ಕೆ ಇಳಿಸಿ. ಪೂರ್ತಿ ಬಿಗಿ ಮಾಡಬೇಡಿ, ಬಿಸಿಯಾದಾಗ ಹಿಡಿದುಕೊಳ್ಳುತ್ತದೆ.

ಎರಡನೆಯದು ಹಲ್ಲಿನ ಸಂದು. ಗೇರ್ ಬಾಕ್ಸನ್ನು ನೀವೇ ಮಾಡುವುದಾದರೆ ವರ್ಮ್ ಮತ್ತು ಗೇರಿನ ನಡುವೆ ತೆಳು ಟಿಶ್ಯೂ ಕಾಗದದ ಒಂದು ಪಟ್ಟಿ ಇಟ್ಟು ಒತ್ತಿ ಕೂರಿಸಿ, ಆಮೇಲೆ ಬೇರಿಂಗ್ ಬೆಸುಗೆ ಹಾಕಿ. ತಿರುಗಿಸಿದರೆ ಕಾಗದ ಹಲ್ಲಿನ ಗುರುತು ಬಿದ್ದು ಹೊರಗೆ ಬರುತ್ತದೆ. ಗುರುತು ಉದ್ದಕ್ಕೂ ಒಂದೇ ಸಮ ಇದ್ದರೆ ಸರಿ. ಒಂದು ಕಡೆ ಹರಿದು ಇನ್ನೊಂದು ಕಡೆ ಸುಮ್ನೆ ಸುಕ್ಕಾಗಿದ್ದರೆ ಗೇರು ಅಚ್ಚಿನ ಮೇಲೆ ವಾರೆಯಾಗಿ ಕೂತಿದೆ ಎಂದರ್ಥ.

ಇನ್ನು ಗೇರ್ ಬಾಕ್ಸನ್ನು ಫ್ರೇಮಿಗೆ ಬಿಗಿಯಾಗಿ ಸ್ಕ್ರೂ ಹಾಕಬೇಡಿ. ಅದು ಅಚ್ಚಿನ ಮೇಲೆ ತೂಗುತ್ತಿರಲಿ. ತಾನೇ ಸುತ್ತದ ಹಾಗೆ ಒಂದು ಸಣ್ಣ ತಡೆಕಡ್ಡಿ ಕೊಟ್ಟರೆ ಸಾಕು. ಬಿಗಿದರೆ ಅಚ್ಚು ಚೂರು ಮೇಲೆ ಕೆಳಗೆ ಆಡಿದಾಗೆಲ್ಲ ಮೋಟಾರು ಒದ್ದಾಡುತ್ತದೆ.

ಬೆಂಗಳೂರಿನಿಂದ:

ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆದೇಶದಂತೆ ಮೋಟಾರು ಓಡಿಸುವ ಸಣ್ಣ ಬೋರ್ಡು) ಹಾಕುವುದಿದ್ದರೆ ಒಂದು ಮಾತು. ಮೋಟಾರಿಗೆ 12 ವೋಲ್ಟ್ ಕೊಟ್ಟು ಶಾಫ್ಟನ್ನು ಒಂದೇ ಕ್ಷಣ ಹಿಡಿದು ನಿಲ್ಲಿಸಿ, ಮಲ್ಟಿಮೀಟರಿನಲ್ಲಿ ಎಷ್ಟು ಕರೆಂಟ್ ಬಂತು ನೋಡಿ. ಅದು ಡಿಕೋಡರಿನ ಮಿತಿಗಿಂತ ಕಮ್ಮಿ ಇರಬೇಕು. ಮಶಿಮಾಗೆ ಚಿಂತೆಯಿಲ್ಲ. ಆಟಿಕೆ ಕಾರಿನ 3 ವೋಲ್ಟ್ ಮೋಟಾರು ಹಾಕುವವರೇ ಡಿಕೋಡರ್ ಸುಡುವುದು.

ಕೋರ್‌ಲೆಸ್ (ತಿರುಗುವ ಸುರುಳಿಯಲ್ಲಿ ಕಬ್ಬಿಣದ ತಿರುಳಿಲ್ಲದ) ಮೋಟಾರು ಕೊಳ್ಳಿ ಎಂದು ಯಾರಾದರೂ ಹೇಳುತ್ತಾರೆ. ತುಂಬ ನಯವಾಗಿ ಓಡುತ್ತದೆ, ನಿಜ. ಆದರೆ ಮೋಟಾರಿನ ವೇಗ ನೋಡಿ ಕರೆಂಟ್ ಹೊಂದಿಸುವ ಹಳೇ ಕಾಲದ ಫೀಡ್‌ಬ್ಯಾಕ್ ಕಂಟ್ರೋಲರ್ ಜೊತೆ ಅದು ಬಿಸಿಯಾಗಿ ಹಾಳಾಗಬಹುದು. ಕಂಟ್ರೋಲರ್ ಯಾವುದು ಎಂದು ನೋಡಿಕೊಂಡು ಕೈ ಹಾಕಿ.

ಮ್ಯಾಂಚೆಸ್ಟರಿನಿಂದ, ಊರು ದಾವಣಗೆರೆ:

ಇಲ್ಲಿನವರು ಹೆಚ್ಚಾಗಿ ಹೈ ಲೆವೆಲ್ ಎಂಬ ಕಂಪನಿಯ ಗೇರ್ ಬಾಕ್ಸ್ ಕಿಟ್ ಬಳಸುತ್ತಾರೆ. ನಿಕಲ್ ಸಿಲ್ವರ್ ತಗಡನ್ನು ಮಡಿಸಿ ಬೆಸುಗೆ ಹಾಕಿದರೆ ಆಯಿತು, ಹಲ್ಲಿನ ಸಂದು ತಾನಾಗೇ ಕೂಡಿ ಬರುತ್ತದೆ. ಕಾಗದದ ಪಟ್ಟಿ ಬೇಕಿಲ್ಲ. ನಿಮ್ಮ ಸಮಸ್ಯೆ ಅಗಲದ್ದು. 12 ಮಿ.ಮೀ. ಹಳಿ ಅಂದರೆ ಗಾಲಿಗಳ ಒಳಮೈ ನಡುವೆ ಹತ್ತು ಮಿ.ಮೀ. ಆಸುಪಾಸು. ಫ್ರೇಮ್ ತಗಡು, ಅಲುಗಾಟದ ಜಾಗ ಕಳೆದರೆ ಏಳು ಉಳಿದರೆ ಹೆಚ್ಚು. ಆರ್ಡರ್ ಮಾಡುವ ಮುಂಚೆ ಡ್ರಾಯಿಂಗ್ ತರಿಸಿಕೊಂಡು ಅಗಲ ನೋಡಿ. ಮಶಿಮಾ ಈಗ ಮೋಟಾರು ಮಾಡುವುದನ್ನೇ ನಿಲ್ಲಿಸಿದೆ. ಸಿಕ್ಕಿದ್ದನ್ನು ಹುಷಾರಾಗಿ ಇಟ್ಟುಕೊಳ್ಳಿ. ತರಿಸುವಾಗ ನಾಲ್ಕು ಜನ ಸೇರಿ ಒಂದೇ ಪಾರ್ಸೆಲ್ ಮಾಡಿ, ಕೊರಿಯರ್ ದುಡ್ಡು ಹಂಚಿಹೋಗುತ್ತದೆ.

ತುಮಕೂರಿನಿಂದ ಮತ್ತೆ:

ಎಲ್ಲರಿಗೂ ಧನ್ಯವಾದ. ಅಳೆದು ನೋಡಿದೆ, ಫ್ರೇಮಿನ ಒಳಗೆ 6.8 ಇದೆ. 1220 ಮೋಟಾರಿನ ಅಗಲವೇ 12. ಫ್ರೇಮಿನ ನಡುವೆ ಇಳಿಯುವ ಮಾತೇ ಇಲ್ಲ. ಟೆಂಡರಿನಲ್ಲಿ (ಹಿಂದಿನ ಕಲ್ಲಿದ್ದಲಿನ ಬಂಡಿಯಲ್ಲಿ) ಇಟ್ಟು ಉದ್ದ ಶಾಫ್ಟ್ ಕೊಡಲೇ?

ಮೈಸೂರಿನಿಂದ:

ಟೆಂಡರ್ ಬೇಡ ಸರ್. ಇಂಜಿನ್ನಿಗೂ ಟೆಂಡರಿಗೂ ನಡುವೆ ಶಾಫ್ಟ್ ಬಂದರೆ ಕ್ಯಾಬಿನ ಒಳಗೆಲ್ಲ ಅದೇ ಕಾಣುತ್ತದೆ. ವೈಪಿಯ ಫೈರ್‌ಬಾಕ್ಸ್ (ಬೆಂಕಿಗೂಡು) ಅಗಲವಾದದ್ದು. ದೊಡ್ಡ ಗಾಲಿಗಳ ಹಿಂದೆ, ಸಣ್ಣ ಗಾಲಿಯ ಮೇಲೆ, ಫ್ರೇಮಿಗಿಂತ ಎತ್ತರದಲ್ಲಿ ಕೂರುತ್ತದೆ. ಮೋಟಾರನ್ನು ಅಲ್ಲಿ ಮಲಗಿಸಿ, ಶಾಫ್ಟ್ ಮುಂದಕ್ಕೆ ಇರಲಿ. ಗೇರ್ ಬಾಕ್ಸ್ ಮೂರನೇ ದೊಡ್ಡ ಗಾಲಿಯ ಅಚ್ಚಿಗೆ. ಫ್ರೇಮಿನ ನಡುವೆ ಇಳಿಯಬೇಕಾದದ್ದು ಗೇರ್ ಬಾಕ್ಸಿನ ಕೆಳಭಾಗ ಮಾತ್ರ. ಮುಂದಿನ ಬಾಯ್ಲರ್ ಪೂರ್ತಿ ಖಾಲಿ ಉಳಿಯುತ್ತದೆ, ಅಲ್ಲಿ ತೂಕಕ್ಕೆ ಸೀಸ ತುಂಬಿ.

ಹುಬ್ಬಳ್ಳಿಯಿಂದ:

ಸೀಸ ಎಷ್ಟು ಅಂತ ಕೇಳುತ್ತೀರಿ, ಅದಕ್ಕೇ ಹೇಳಿಬಿಡುತ್ತೇನೆ. ಇಂಜಿನ್ನನ್ನು ಹಳಿ ಮೇಲೆ ಇಟ್ಟು, ಮುಂದಿನಿಂದ ಬೆರಳು ಅಡ್ಡ ಹಿಡಿದು, ಕಂಟ್ರೋಲರ್ ಪೂರ್ತಿ ತಿರುಗಿಸಿ. ಗಾಲಿ ಜಾರಿ ತಿರುಗುತ್ತಿರಬೇಕು. ಗಾಲಿ ನಿಂತು ಮೋಟಾರು ಗುಂಯ್ ಅಂದರೆ ತೂಕ ಹೆಚ್ಚಾಯಿತು, ಸೀಸ ತೆಗೆಯಿರಿ. ಇದಕ್ಕೂ ಮುಂಚೆ, ಗೇರ್ ಬಾಕ್ಸ್ ಹಾಕದೆ, ಸೈಡ್ ರಾಡ್ ಇಟ್ಟುಕೊಂಡೇ ಫ್ರೇಮನ್ನು ಓರೆ ಹಲಗೆಯ ಮೇಲೆ ಬಿಟ್ಟು ನೋಡಿ. ಎಲ್ಲೂ ತಡೆಯದೆ ತಾನೇ ಉರುಳಿದರೆ ಮೋಟಾರು ಹಾಕಿ. ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ಕಚ್ಚಿದರೆ ರಾಡಿನ ತೂತು ನೋಡಿ, ಇಲ್ಲವೇ ಎಡಗಾಲಿ ಬಲಗಾಲಿಯ ಕ್ರ್ಯಾಂಕುಗಳ (ರಾಡ್ ಕೂರುವ ಪಿನ್ನುಗಳ) ನಡುವಿನ ಕೋನ ಮೂರೂ ಅಚ್ಚಿನಲ್ಲಿ ಒಂದೇ ಇದೆಯೇ ನೋಡಿ.