ಗಂಡು-ಹೆಣ್ಣು ಕಾರ್ನ್ ಸ್ನೇಕ್ ಒಂದೇ ಮನೆಯಲ್ಲಿ: ಮರಿ ಬೇಡ ಅಂದ್ರೆ ಹೇಗೆ ಇಡೋದು?

ಪ್ರಶ್ನೆ, ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಕಾರ್ನ್ ಸ್ನೇಕ್ (ಅಮೆರಿಕದ ವಿಷವಿಲ್ಲದ ಹಾವು) ಇದೆ. ಹೆಣ್ಣು ಅಂತ ಹೇಳಿ ಕೊಟ್ಟಿದ್ದರು. ಹೈದರಾಬಾದಿನ ಗೆಳೆಯ ಕೆಲಸ ಬದಲಾಯಿಸಿ ಬೇರೆ ಊರಿಗೆ ಹೋಗ್ತಿದ್ದಾನೆ, ಅವನ ಗಂಡು ಹಾವನ್ನ ನೀನೇ ಇಟ್ಕೊ ಅಂತಾನೆ. ಮನೆಯಲ್ಲಿ ಜಾಗ ಕಡಿಮೆ. ನಾಲ್ಕು ಅಡಿ ಗಾಜಿನ ಪೆಟ್ಟಿಗೆಗೆ ನಡುವೆ ಅಡ್ಡ ಹಲಗೆ ಹಾಕಿ ಎರಡನ್ನೂ ಇಡಬಹುದಾ? ಮೊಟ್ಟೆ-ಮರಿ ಖಂಡಿತ ಬೇಡ. ಅವ್ವ ಈಗಾಗಲೇ "ಒಂದು ಸಾಲಲ್ಲಂತ ಇನ್ನೊಂದು ತರ್ತಿ ಏನಪಾ" ಅಂತಿದ್ದಾಳೆ. ನಾಯಿಗೆ ಮಾಡಿಸ್ತಾರಲ್ಲ, ಆ ಥರ ಆಪರೇಷನ್ ಏನಾದರೂ ಇದೆಯಾ?

ಬೀದರಿನಿಂದ:

ಅಡ್ಡ ಹಲಗೆ ನಂಬಬೇಡ ತಮ್ಮಾ. ತಲೆ ತೂರಿದ ಕಡೆ ಹಾವಿನ ಮೈ ಪೂರ್ತಿ ತೂರುತ್ತೆ. ಮೊದಮೊದಲು ಸುಮ್ನೆ ಇರುತ್ತೆ. ಆಮೇಲೆ ಹಲಗೆಯ ಒಂದು ಮೂಲೆ ಸ್ವಲ್ಪ ಸಡಿಲ ಇದ್ದರೂ ಸಾಕು, ಅಲ್ಲೇ ಮೂತಿ ಒತ್ತುತ್ತಾ ಕೂರುತ್ತೆ. ಸೇರೋದಕ್ಕೆ ಇವಕ್ಕೆ ರಾತ್ರಿಯಿಡೀ ಬೇಕಾಗಿಲ್ಲ, ನೀನು ಊಟ ಮಾಡಿ ಬರೋದರೊಳಗೆ ಮುಗಿದಿರುತ್ತೆ. ಗಾಳಿಗೆ ಅಂತ ಹಲಗೆಯಲ್ಲಿ ತೂತು ಮಾಡಿದರೆ ವಾಸನೆ ಆ ಕಡೆಯಿಂದ ಈ ಕಡೆ ಬರುತ್ತೆ, ಗಂಡು ಊಟವನ್ನೇ ಬಿಡುತ್ತೆ.

ಆಪರೇಷನ್ ವಿಚಾರ ತಲೆಯಿಂದ ತೆಗಿ. ಹಾವಿಗೆ ವೃಷಣವೂ ಹೊಟ್ಟೆಯ ಒಳಗೇ ಇರುತ್ತೆ, ಅಂಡಾಶಯವೂ ಒಳಗೇ. ಹೊಟ್ಟೆ ಕೊಯ್ಯಲೇಬೇಕು. ಎರಡು ಡಬ್ಬದಲ್ಲಿ ಮುಗಿಯೋ ಕೆಲಸಕ್ಕೆ ಅಷ್ಟೆಲ್ಲ ಯಾಕೆ? ಮುಂದೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಆಗ ಡಾಕ್ಟರ ಮಾತು ಬೇರೆ. ನಮ್ಮ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹಾವು ನೋಡುವವರು ಅವತ್ತು ಇದ್ದಾರಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡು.

ಕಲಬುರಗಿಯಿಂದ, ಕಾರ್ನ್ ಸ್ನೇಕ್ ಜೋಡಿ ಸಾಕಿರುವ ಒಬ್ಬ ಅಕ್ಕ:

ಗೆಳೆಯನ ಹಾವು ತರೋದಕ್ಕೆ ಮೊದಲು, ನಿನ್ನದು ಹೆಣ್ಣೇ ಹೌದಾ ಅಂತ ಖಾತ್ರಿ ಮಾಡ್ಕೊ. ಅಂಗಡಿಯವರ ಮಾತು ಲೆಕ್ಕಕ್ಕಿಲ್ಲ. ಹಾವನ್ನ ಅಂಗೈ ಮೇಲೆ ಮೆಲ್ಲಗೆ ಮಗುಚಿ, ಗುದದ ಸೀಳಿನಿಂದ ಹಿಂದಕ್ಕೆ ಬಾಲ ನೋಡು. ಗಂಡಿನ ಬಾಲ ಉದ್ದ. ಸ್ವಲ್ಪ ದೂರ ಅದೇ ದಪ್ಪದಲ್ಲಿ ಹೋಗಿ ಆಮೇಲೆ ಸಣ್ಣಗಾಗುತ್ತೆ, ಯಾಕಂದ್ರೆ ಅದರ ಜನನಾಂಗ ಎರಡೂ ಅಲ್ಲೇ ಒಳಗೆ ಮಡಚಿಕೊಂಡಿರುತ್ತವೆ. ಹೆಣ್ಣಿನದು ಗಿಡ್ಡ, ಸೀಳು ದಾಟಿದ ಕೂಡಲೇ ಚೂಪಾಗುತ್ತೆ. ಇದು ಅಂದಾಜು ಅಷ್ಟೇ. ಖಚಿತ ಬೇಕಂದ್ರೆ ಆ ಸೀಳಿನೊಳಗೆ ಬಾಲದ ಕಡೆಗೆ ಸಣ್ಣ ಸಲಾಕೆ ಹಾಕಿ ಆಳ ನೋಡ್ತಾರೆ, ಅದು ಕೈ ಪಳಗಿದವರ ಕೆಲಸ. ವಿಡಿಯೋ ನೋಡಿ ನೀನು ಕೈ ಹಾಕಬೇಡ, ಒಳಗೆ ಹರಿದುಹೋಗುತ್ತೆ.

ಗಂಡು ಒಂದೂವರೆ ವರ್ಷಕ್ಕೇ ತಯಾರಾಗಿರಬಹುದು. ಅಣ್ಣ-ತಂಗಿ ಅನ್ನೋದೆಲ್ಲ ಅವಕ್ಕೆ ಇಲ್ಲ, ಒಂದೇ ಸೂಲಿನವೂ ಸೇರುತ್ತವೆ. ಹೆಣ್ಣು ಇನ್ನೂ ಚಿಕ್ಕದಿರುವಾಗಲೇ ಬಸಿರಾಗಬಹುದು, ನನಗೆ ಭಯ ಅದೇ. ಸಾಕುವವರ ಲೆಕ್ಕದಲ್ಲಿ ಹೆಣ್ಣಿಗೆ ಕಡಿಮೆ ಅಂದ್ರೂ 3 ವರ್ಷ, 3 ಅಡಿ, 300 ಗ್ರಾಂ ಆಗಿರಬೇಕು. ಅದಕ್ಕೂ ಮೊದಲು ಮೊಟ್ಟೆ ಕಟ್ಟಿದರೆ ಹೊರಗೆ ಬರದೆ ಸತ್ತೇ ಹೋಗಬಹುದು. ಮರಿ ಯಾರಿಗೆ ಕೊಡೋದು ಅನ್ನೋದು ಆಮೇಲಿನ ಮಾತು. ಅದೂ ಸಣ್ಣದಲ್ಲ ಬಿಡು, ಒಂದು ಸೂಲಿಗೆ ಹದಿನೈದು ಇಪ್ಪತ್ತು ಮೊಟ್ಟೆ ಸಾಮಾನ್ಯ. ಕಲಬುರಗಿಯಲ್ಲಿ ಅಷ್ಟು ಜನ ಹಾವು ಸಾಕುವವರೇ ಇಲ್ಲ. ಹೊರಗೆ ಬಿಡುವಂತೆಯೂ ಇಲ್ಲ, ಇದು ಅಮೆರಿಕದ ಹಾವು.

ನಮ್ಮ ಮನೆಯಲ್ಲಿ ಹೀಗಿದೆ. ಒಂದಕ್ಕೆ ಒಂದು ಡಬ್ಬ, ಪ್ಲಾಸ್ಟಿಕ್ಕಿಂದು, ನಾಲ್ಕೂ ಕಡೆ ಕ್ಲಿಪ್ ಇರೋದು. ಗಾಳಿ ತೂತು ಸಾಲ್ಡರಿಂಗ್ ಕಡ್ಡಿಯಿಂದ ಮಾಡಿದ್ದು, ಪೆನ್ಸಿಲ್ ತೂರಬಾರದು ಅಷ್ಟು ಸಣ್ಣ. ಹೆಣ್ಣು ಹೊರಗಿನ ಕೋಣೆಯಲ್ಲಿ, ಗಂಡು ಹಿಂದಿನ ಕೋಣೆಯಲ್ಲಿ. ಮೊದಲು ಒಂದೇ ಕಪಾಟಿನಲ್ಲಿ ಮೇಲೆ-ಕೆಳಗೆ ಇಟ್ಟಿದ್ದೆವು. ಬೆರೆಯುವ ಪ್ರಶ್ನೆ ಇರಲಿಲ್ಲ, ಆದರೆ ಚಳಿ ಮುಗಿಯುತ್ತಿದ್ದ ಹಾಗೆ ಗಂಡು ರಾತ್ರಿಯೆಲ್ಲ ಮುಚ್ಚಳಕ್ಕೆ ಮೂತಿ ಉಜ್ಜೋದು. ತುಟಿ ಮೇಲಿನ ಹುರುಪೆ ಕೆಂಪಗಾಗಿತ್ತು. ಕೋಣೆ ಬದಲಿಸಿದ ಮೇಲೆ ಕಡಿಮೆಯಾಯಿತು. ಹೆಣ್ಣನ್ನ ಎತ್ತಿದ ಮೇಲೆ ಕೈ ತೊಳೆಯದೆ ಗಂಡನ್ನ ಮುಟ್ಟಲ್ಲ. ಡಬ್ಬ ತೊಳೆಯುವಾಗ ಎರಡನ್ನೂ ಒಂದೇ ಬಕೆಟ್ಟಿಗೆ ಹಾಕೋದಂತೂ ಬೇಡವೇ ಬೇಡ.

"ಎರಡೂ ಹೆಣ್ಣೇ ಆದರೆ?" ಅಂತ ಕೇಳ್ತಾರೆ. ಆಗಲೂ ಬೇರೆ ಬೇರೆಯೇ. ಒಂದೇ ಇಲಿಗೆ ಎರಡು ಕಡೆಯಿಂದ ಬಾಯಿ ಹಾಕಿದರೆ ಕಷ್ಟ. ವಾಂತಿ ಮಾಡಿಕೊಂಡರೆ ಯಾವುದು ಮಾಡಿದ್ದು ಅಂತ ಗೊತ್ತಾಗಲ್ಲ. ಒಂದರ ಮೇಲೊಂದು ಸುತ್ತಿಕೊಂಡು ಮಲಗಿದ್ದನ್ನ ಪ್ರೀತಿ ಅಂತಾರೆ, ಬೆಚ್ಚಗಿನ ಜಾಗಕ್ಕೆ ನೂಕಾಟ ಅದು.

ಸೇಡಂನಿಂದ:

ಅಕ್ಕ ಹೇಳಿದ್ದರಲ್ಲಿ ಸೇರಿಸೋದು ಒಂದೇ, ನಮ್ಮ ಬಿಸಿಲು. ಡಬ್ಬ ಎರಡಾದರೆ ಇಡೋ ಜಾಗವೂ ಎರಡು ಹುಡುಕಬೇಕು, ಅದೂ ತಂಪಿರೋದು. ಏಪ್ರಿಲ್-ಮೇನಲ್ಲಿ 42-43 ಡಿಗ್ರಿ ಇರುವಾಗ ತಗಡಿನ ಕೆಳಗಿನ ಕೋಣೆ ಬೇಡ. ಹೀಟ್ ಪ್ಯಾಡ್ ತೆಗೆದಿಡಿ. ನಾನು ಶಹಾಬಾದ್ ಫರಸಿ ನೆಲದ ಮೇಲೇ ಡಬ್ಬ ಇಡ್ತೀನಿ, ಮಧ್ಯಾಹ್ನ ಕರೆಂಟ್ ಹೋದರೂ ಫರಸಿ ತಣ್ಣಗಿರುತ್ತೆ. ಇನ್ನೊಂದು, ಚಳಿಗಾಲದಲ್ಲಿ ತಂಪು ತಾಗದ ಹಾಗೆ ನೋಡಿಕೊಂಡರೆ ಸೇರಲ್ಲ ಅಂತ ಕೆಲವರು ಹೇಳ್ತಾರೆ. ನಂಬಬೇಡಿ. ತಂಪಾದರೆ ಜಾಸ್ತಿ, ಆಗದಿದ್ದರೂ ಸೇರುತ್ತವೆ.

ಶಹಾಪುರದಿಂದ:

ನನ್ನದು ಬಾಲ್ ಪೈಥಾನ್. ಇದು ಸೈಟಿಸ್ (ಕಾಡುಪ್ರಾಣಿ-ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋ ಹಾವು, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಣಿ ಮಾಡಿಸಬೇಕು. ಮರಿಯಾದರೆ ಅದನ್ನೂ ತಿಳಿಸಬೇಕು. ಅಂದ್ರೆ ಬೇಡದ ಮರಿ ಜೊತೆ ಬೇಡದ ಕಾಗದವೂ ಬರುತ್ತೆ. ಕಾರ್ನ್ ಆ ಪಟ್ಟಿಯಲ್ಲಿಲ್ಲ. ಹೊಲದಲ್ಲಿ ಸಿಕ್ಕ ಕೇರೆ, ಮಣ್ಣುಮುಕ್ಕ ತಂದು "ಜೋಡಿ ಮಾಡೋಣ" ಅನ್ನುವವರೂ ನಮ್ಮ ಕಡೆ ಇದ್ದಾರೆ. ಅವು ವನ್ಯಜೀವಿ ಕಾಯ್ದೆಗೆ ಬರುತ್ತವೆ, ಸಾಕುವಂತೆಯೇ ಇಲ್ಲ.

ಪಂಚಮಿ ದಿನ ಬಾಗಿಲು ಹಾಕಿಟ್ಟಿರಿ ಮಾತ್ರ. ಓಣಿಯ ಹೆಣ್ಣುಮಕ್ಕಳು ಹಾಲಿನ ಬಟ್ಟಲು ಹಿಡ್ಕೊಂಡು ಬರ್ತಾರೆ, ಹಾವು ಹಾಲು ಕುಡಿಯಲ್ಲ ಅಂದ್ರೆ ನಮ್ಮನ್ನೇ ಬೈತಾರೆ.

ಪ್ರಶ್ನೆ ಕೇಳಿದವರು:

ಅಕ್ಕಾ, ಎಲ್ಲರಿಗೂ ಥ್ಯಾಂಕ್ಸ್. ಎರಡು ಡಬ್ಬ, ಎರಡು ಕೋಣೆ ಅಂತ ನಿರ್ಧಾರ ಮಾಡಿದೆ. ಒಂದು ಸಂದೇಹ ಉಳಿಯಿತು. ನನ್ನ ಹೆಣ್ಣು ಅಂಗಡಿಯಲ್ಲಿ ಬೇರೆ ಹಾವುಗಳ ಜೊತೆ ಇತ್ತು. ಈಗ ಒಂದೇ ಇದ್ದರೂ ಮೊಟ್ಟೆ ಇಡಬಹುದಾ?

ಅದೇ ಅಕ್ಕ:

ಇಡಬಹುದು. ಹೆಣ್ಣು ಹಾವು ಗಂಡಿನ ವೀರ್ಯವನ್ನ ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತೆ. ಕಾರ್ನ್ ಒಮ್ಮೆ ಸೇರಿ ಅದೇ ವರ್ಷ ಎರಡು ಸೂಲು ಇಡೋದೂ ಉಂಟು. ಗಂಡಿನ ಮುಖವನ್ನೇ ನೋಡದಿದ್ದರೂ ಬಂಜೆ ಮೊಟ್ಟೆ ಇಡಬಹುದು, ಹಳದಿ ಬಣ್ಣ, ಕಲ್ಲಿನ ಹಾಗೆ ಗಟ್ಟಿ.

ಊಟ ಬಿಟ್ಟು ಹಿಂಭಾಗ ದಪ್ಪಗಾಗಿದ್ದರೆ, ಪೊರೆ ಕಳಚಿದ ದಿನ ಬರೆದಿಟ್ಕೊ. ಅಲ್ಲಿಂದ ಸುಮಾರು ಹತ್ತು ದಿನಕ್ಕೆ ಮೊಟ್ಟೆ ಬರುತ್ತೆ. ಒಂದು ಸಣ್ಣ ಡಬ್ಬದಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ಹಾಕಿ, ಪಕ್ಕದಲ್ಲಿ ತೂತು ಮಾಡಿ ಒಳಗಿಡು. ಜಾಗ ಸಿಗದಿದ್ದರೆ ಮೊಟ್ಟೆ ತಡೆದುಕೊಂಡು ಒದ್ದಾಡುತ್ತೆ. ಎಲ್ಲ ಇಟ್ಟು ಮುಗಿಸಿದ ಮೇಲೆ ಹಾವನ್ನ ತೆಗೆದು, ಅವತ್ತೇ ಮೊಟ್ಟೆಗಳನ್ನ ಕವರಿಗೆ ಹಾಕಿ ಫ್ರೀಜರಿನಲ್ಲಿಡು. ತಡ ಮಾಡಿದರೆ ಒಳಗೆ ಮರಿ ಬೆಳೆಯುತ್ತೆ, ಆಮೇಲೆ ಮನಸ್ಸು ಬರಲ್ಲ. ಕವರಿನ ಮೇಲೆ ದೊಡ್ಡದಾಗಿ ಬರೆದಿಡು, ನಿಮ್ಮ ಅವ್ವನೂ ಅದೇ ಫ್ರೀಜರ್ ತೆಗಿತಾಳಲ್ವಾ.