‘30 ದಿನದಲ್ಲಿ ಸಿಸಿಎನ್ಎ’: ಇಸಿ ಡಿಪ್ಲೊಮಾ ಬ್ಯಾಚ್ ಗುಂಪಿನ ಜಗಳ

ಮಂಜು, ರಾತ್ರಿ 9:04
*ಫಾರ್ವರ್ಡ್ ಪೋಸ್ಟರ್: 30 ದಿನದಲ್ಲಿ ಸಿಸಿಎನ್ಎ! ಕೆಲಸ ಬಿಡಬೇಕಿಲ್ಲ. 400 ಪ್ರಶ್ನೆಗಳ ಲೇಟೆಸ್ಟ್ ಡಂಪ್. 825 ಮಾರ್ಕ್ಸ್ ಗ್ಯಾರಂಟಿ. ಬರೀ 4,999 ರೂ.*
ಸಿಸಿಎನ್ಎ ಅಂದ್ರೆ ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟು; ಡಂಪ್ ಅಂದ್ರೆ ಪರೀಕ್ಷೆಯಿಂದ ಸೋರಿದ ಪ್ರಶ್ನೆ-ಉತ್ತರ. ಯಾರಾದ್ರೂ ಸೇರ್ಕೋತೀರಾ? ಮೂರು ಜನ ಆದ್ರೆ ಡಿಸ್ಕೌಂಟ್ ಅಂತೆ. ನೈಟ್ ಶಿಫ್ಟ್ ಮಾಡ್ಕೊಂಡು ದಪ್ಪ ಪುಸ್ತಕ ಓದೋಕೆ ನನ್ ಕೈಲಾಗಲ್ಲಪ್ಪ.

ಸುಮಾ, 9:07
ಆ 825 ಎಲ್ಲಿಂದ ಬಂತೋ? ಎಷ್ಟು ಬಂದ್ರೆ ಪಾಸು ಅಂತ ಸಿಸ್ಕೋ ಹೇಳೋದೇ ಇಲ್ಲ. ಇವರು ಗ್ಯಾರಂಟಿ ಬೇರೆ ಕೊಡ್ತಾರೆ.

ಬಸು, 9:09
ಲೇ ಮಂಜ್ಯಾ, ಅವರ ಸ್ಯಾಂಪಲ್ ಪಿಡಿಎಫ್ ತಗದು ‘ಪಪೆಟ್’, ‘ಶೆಫ್’ ಅಂತ ಹುಡುಕು. ಅದಾವೇನು?

ಮಂಜು, 9:12
ಇದಾವೆ. ಆರು ಪ್ರಶ್ನೆ.

ಬಸು, 9:13
ಮುಗೀತು ಬಿಡು. ಸಿಸಿಎನ್ಎ ಪರೀಕ್ಷೆ (ನಂಬರ್ 200-301) 2024ರ ಆಗಸ್ಟ್ 20ಕ್ಕ 1.1 ಆವೃತ್ತಿ ಆತು. ಪಪೆಟ್, ಶೆಫ್ ಅನ್ನೋ ಆಟೋಮೇಷನ್ ಟೂಲು ಸಿಲಬಸ್ಸಿನಿಂದ ಹೋದ್ವು, ಟೆರಾಫಾರ್ಮ್ ಬಂತು. ಲೇಟೆಸ್ಟ್ ಅಂತ ಹೇಳಿ ನಿನಗ ಹಳೇ ಸಾಮಾನು ಮಾರಾಕತ್ತಾರ.

ಮಂಜು, 9:15
ಹಳೇದಾದ್ರೇನು, ಅರ್ಧ ಬಂದ್ರೂ ಸಾಕು. ಎಚ್‌ಆರ್ ಕೇಳೋದು ಸರ್ಟಿಫಿಕೇಟ್ ತಾನೇ?

ಸುಮಾ, 9:16
ಎಚ್‌ಆರ್ ದಾಟಿದ್ಮೇಲೆ ನಮ್ಮಂಥೋರ ಮುಂದೆ ಕೂರಬೇಕಲ್ಲ. ಈಗ್ಲೇ ಹೇಳು: 172.16.37.155/21. ನೆಟ್‌ವರ್ಕ್ ವಿಳಾಸ ಯಾವುದು, ಬ್ರಾಡ್‌ಕಾಸ್ಟ್ ಯಾವುದು? ಕ್ಯಾಲ್ಕುಲೇಟರ್ ಮುಟ್ಟಬೇಡ.

ಮಂಜು, 9:19
37.0, 37.255

ಸುಮಾ, 9:21
ಅದು /24ರ ಉತ್ತರ. /21 ಅಂದ್ರೆ ವಿಳಾಸದ ಮೊದಲ 21 ಬಿಟ್ ನೆಟ್‌ವರ್ಕಿಗೆ, ಮಾಸ್ಕ್ 255.255.248.0. 256ರಲ್ಲಿ 248 ಕಳೆ, 8 ಉಳೀತು. ಮೂರನೇ ಅಂಕಿ ಎಂಟೆಂಟರ ಹೆಜ್ಜೆ ಹಾಕುತ್ತೆ: 24, 32, 40. 37 ಕೂತಿರೋದು 32ರ ಮನೇಲಿ. ಹಾಗಾಗಿ ನೆಟ್‌ವರ್ಕ್ 172.16.32.0, ಬ್ರಾಡ್‌ಕಾಸ್ಟ್ 172.16.39.255, ಅಂದ್ರೆ ಆ ಮನೆಯ ಮೊದಲ, ಕೊನೆಯ ವಿಳಾಸ; ಮಧ್ಯೆ 2046 ಹೋಸ್ಟ್ (ಯಂತ್ರಗಳಿಗೆ ಕೊಡೋ ವಿಳಾಸ). ಮಗ್ಗಿ ಥರ ಬಾಯಿಗೆ ಬರ್ಬೇಕು, ಒಂದಕ್ಕೆ ಅರ್ಧ ನಿಮಿಷ, ಅಷ್ಟೇ. ಪರೀಕ್ಷೆ 120 ನಿಮಿಷ, ಮುಂದಿನ ಪ್ರಶ್ನೆಗೆ ಹೋದ್ರೆ ಮತ್ತೆ ಹಿಂದಕ್ಕೆ ಬರೋಕಾಗಲ್ಲ. ನಡುವೆ ಕಾನ್ಫಿಗರ್ ಮಾಡಿಸೋ ಲ್ಯಾಬ್ ಬರುತ್ತೆ, ಅಲ್ಲಿ ಎ, ಬಿ, ಸಿ, ಡಿ ಇರಲ್ಲ.

ಅಶ್ವಿನಿ, 9:24
ಫೀಸೂ ನೆನಪಿರಲಿ ಮಂಜು. 300 ಡಾಲರ್, ಮೇಲೆ ತೆರಿಗೆ. ಫೇಲಾದ್ರೆ ಐದು ದಿನ ಕಾದು ಮತ್ತೆ ಪೂರ್ತಿ ಕಟ್ಬೇಕು. ಡಂಪ್ ಓದಿದ್ದು ಗೊತ್ತಾದ್ರೆ ಸರ್ಟಿಫಿಕೇಟ್ ರದ್ದು ಮಾಡೋ ಹಕ್ಕು ಅವರಿಗಿದೆ. ಶುರುವಲ್ಲಿ ಎಲ್ಲರೂ ಓದದೇ ‘ಒಪ್ಪಿದೆ’ ಅಂತ ಒತ್ತೋ ಕರಾರಲ್ಲೇ ಇದೆ.

ಗುರು, 9:30
ಡಂಪ್ ಬೇಡ, ಸರಿ. ಆ ದುಡ್ಡಿಗೆ ಎಸ್.ಪಿ. ರೋಡಲ್ಲಿ ಸಿಸ್ಕೋದ ಹಳೇ 2960 ಸ್ವಿಚ್ ಒಂದು ತಗೋ ಮಗಾ. ಕೇಬಲ್ ಚುಚ್ಚಿ ಕಲಿತಂಗೆ ಸ್ಕ್ರೀನ್ ಮೇಲೆ ಬರಲ್ಲ. ಕನ್ಸೋಲ್ ಕೇಬಲ್ ಹಾಕಿ ಕಂಪ್ಯೂಟರಿಂದ ಸ್ವಿಚ್ ಜೊತೆ ಮಾತಾಡೋ ಸೆಟ್ಟಿಂಗ್ ಸುಲಭ: 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1.

ಬಸು, 9:33
ಸುಲಭ ಅಂತ! ಸೆಕೆಂಡ್ ಹ್ಯಾಂಡ್ ಸ್ವಿಚ್ಚಿನಾಗ ಹಳೇ ಮಾಲೀಕನ ಪಾಸ್‌ವರ್ಡ್ ಹಂಗೇ ಇರ್ತದ. ಮುಂಭಾಗದಾಗಿನ ಮೋಡ್ ಬಟನ್ ಒತ್ತಿ ಹಿಡಕೊಂಡು ಪವರ್ ಕೊಡಬೇಕು, ‘ಫ್ಲ್ಯಾಶ್ ಇನಿಟ್’ ಹೊಡದು, ಕಾನ್ಫಿಗ್ ಡಾಟ್ ಟೆಕ್ಸ್ಟ್ ಫೈಲಿನ ಹೆಸರು ಬದಲಿಸಿ, ‘ಬೂಟ್’ ಅನ್ನಬೇಕು. ಆಮೇಲೆ ‘ರೈಟ್ ಇರೇಸ್’ ಹೊಡದ್ರೂ ಹಳೇ ವಿಲ್ಯಾನ್ (ಒಂದೇ ಸ್ವಿಚ್ಚಿನಾಗ ಬ್ಯಾರೆ ಬ್ಯಾರೆ ಮಾಡಿದ ನೆಟ್‌ವರ್ಕ್) ಹೋಗೂದಿಲ್ಲ. ಯಾಕಂದ್ರ ಅವು ಬ್ಯಾರೇ ಫೈಲಿನಾಗ ಇರ್ತಾವ, ವಿಲ್ಯಾನ್ ಡಾಟ್ ಡ್ಯಾಟ್. ಅದನ್ನ ಬ್ಯಾರೇನ ಅಳಿಸಬೇಕು. ಕನ್ಸೋಲ್ ಕೇಬಲ್ಲಿನ ಚಿಪ್ ನಕಲಿ ಇದ್ರ ವಿಂಡೋಸ್ ಡ್ರೈವರ್ ‘ಕೋಡ್ 10’ ಅಂತ ಕೂತ್ಕೋತದ. ಮೂರು ರಾತ್ರಿ ಇದರಾಗೇ ಹೋತು. ಓದೂದು ಯಾವಾಗ?

ಗುರು, 9:35
ಅದೂ ಕಲಿಕೆನೇ ಅಲ್ವೇನೋ!

ಸುಮಾ, 9:38
ಕಲಿಕೆ ಹೌದು ಗುರು, ಆದ್ರೆ ಈ ಪರೀಕ್ಷೆಗಲ್ಲ. ಸಿಸಿಎನ್ಎಗೆ ಪ್ಯಾಕೆಟ್ ಟ್ರೇಸರ್ ಅನ್ನೋ ಸಿಸ್ಕೋದ ಸಿಮ್ಯುಲೇಟರ್ ಸಾಕು, ಅವರ ನೆಟ್‌ವರ್ಕಿಂಗ್ ಅಕಾಡೆಮಿ ಖಾತೆ ತೆರೆದ್ರೆ ಬಿಟ್ಟಿ ಸಿಗುತ್ತೆ. ಕೆಲವು ಕಮಾಂಡ್ ಅದರಲ್ಲಿ ಇಲ್ಲ, ಒಪ್ತೀನಿ. ಮುಂದೆ ಮೇಲಿನ ಹಂತದ ಸಿಸಿಎನ್‌ಪಿ ಅಂದಾಗ ಲ್ಯಾಬ್ ಸಾಫ್ಟ್‌ವೇರ್‌ಗಳಾದ ಈವ್-ಎನ್‌ಜಿನೋ ಜಿಎನ್ಎಸ್3ನೋ ನೋಡ್ಕೊಳ್ಳಲಿ.
ಮಂಜು, ಲೆಕ್ಕ ಹಾಕು. ಸೋಮವಾರದಿಂದ ಶುಕ್ರವಾರ ಒಂದೊಂದು ಗಂಟೆ, ಭಾನುವಾರ ಮೂರು. ವಾರಕ್ಕೆ 8, 25 ವಾರಕ್ಕೆ 200 ಗಂಟೆ. ಅರ್ಧದಷ್ಟಾದ್ರೂ ಲ್ಯಾಬಿಗೇ ಇಡು. ಸಿಲಬಸ್ಸಲ್ಲಿ ರೂಟಿಂಗ್ ಭಾಗ ನೂರಕ್ಕೆ 25, ಎಲ್ಲಕ್ಕಿಂತ ಜಾಸ್ತಿ. ಆಟೋಮೇಷನ್ ಬರೀ 10. ಜನ ಹೊಸದು ಅಂತ ಪೈಥಾನ್ ಹಿಡ್ಕೊಂಡು ಕೂರ್ತಾರೆ, ರೂಟರ್‌ಗಳು ಒಂದಕ್ಕೊಂದು ದಾರಿ ಹೇಳ್ಕೊಳ್ಳೋ ಓಎಸ್‌ಪಿಎಫಲ್ಲಿ ಮುಗ್ಗರಿಸ್ತಾರೆ.

ಬಸು, 9:41
ಲ್ಯಾಬ್ ಕಟ್ಟೂದಕ್ಕಿಂತ ಕೆಡಸೂದು ಕಲಿ. ಟ್ರಂಕ್ (ಹಲವು ವಿಲ್ಯಾನ್ ಒಯ್ಯೋ ಲಿಂಕ್) ಮ್ಯಾಲ ವಿಲ್ಯಾನ್ 30 ಸೇರಿಸಬೇಕಾದ್ರ ‘ಅಲೌಡ್ ವಿಲ್ಯಾನ್ ಆ್ಯಡ್ 30’ ಅನ್ನಬೇಕು. ‘ಆ್ಯಡ್’ ಬಿಟ್ಟು ಹೊಡದು ನೋಡು, ಉಳಿದ ವಿಲ್ಯಾನ್ ಎಲ್ಲಾ ಆ ಟ್ರಂಕಿನಿಂದ ಹಾರಿಹೋಗ್ತಾವ. ಆಫೀಸಿನಾಗ ಆದ್ರ ಇಡೀ ಮಹಡಿ ಫೋನ್ ಮಾಡ್ತದ, ಪ್ಯಾಕೆಟ್ ಟ್ರೇಸರಿನಾಗ ಯಾರೂ ಬೈಯೂದಿಲ್ಲ.

ಅಶ್ವಿನಿ, 9:44
ಬುಕ್ ಮಾಡೋಕೆ ಮುಂಚೆ ಹೆಸರು ನೋಡ್ಕೋ. ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಹಾಕಿರ್ತಾರೆ, ಖಾತೇಲಿ ಬರೀ ‘ಮಂಜುನಾಥ ಕೆ’ ಅಂತಿರುತ್ತೆ. ಹೊಂದದಿದ್ರೆ ಪರೀಕ್ಷೆ ನಡೆಸೋ ಪಿಯರ್ಸನ್ ವ್ಯೂ ಕೇಂದ್ರದಲ್ಲಿ ಬಾಗಿಲಿಂದಲೇ ವಾಪಸ್. ಮನೆಯಿಂದ ಬರೆಯೋದಾದ್ರೆ ಆಫೀಸ್ ಲ್ಯಾಪ್‌ಟಾಪ್ ಬೇಡ, ಅದರ ವಿಪಿಎನ್, ಫೈರ್‌ವಾಲ್ ಪರೀಕ್ಷೆಯ ಸಾಫ್ಟ್‌ವೇರನ್ನೇ ತಡೀತಾವೆ. ಬಾಯಿಬಿಟ್ಟು ಲೆಕ್ಕ ಮಾಡೋ ಅಭ್ಯಾಸ ಇದ್ರೆ ಕೇಂದ್ರಕ್ಕೇ ಹೋಗು, ತುಟಿ ಅಲ್ಲಾಡಿದ್ರೂ ಕ್ಯಾಮೆರಾ ಹಿಂದಿರೋರು ಎಚ್ಚರಿಕೆ ಕೊಡ್ತಾರೆ.

ಮಂಜು, 9:46
ಮೂರು ವರ್ಷಕ್ಕೆ ಎಕ್ಸ್‌ಪೈರ್ ಬೇರೆ ಆಗುತ್ತಂತಲ್ಲ. ಮತ್ತೆ ಇಷ್ಟೆಲ್ಲಾ ಒದ್ದಾಟನಾ?

ಸುಮಾ, 9:47
30 ಕ್ರೆಡಿಟ್‌ನಷ್ಟು ಕೋರ್ಸ್ ಮಾಡಿದ್ರೆ ಪರೀಕ್ಷೆ ಇಲ್ಲದೇ ಮುಂದುವರಿಯುತ್ತೆ. ಸಿಸಿಎನ್‌ಪಿಯ ಒಂದು ಪೇಪರ್ ಪಾಸಾದ್ರೂ ಆಯ್ತು. ಅದು ಮೂರು ವರ್ಷದ ಮಾತು, ಈಗ ಲ್ಯಾಬ್ ತೆಗಿ.

ಮಂಜು, ಭಾನುವಾರ ಬೆಳಿಗ್ಗೆ 11:20
ಎರಡು ರೂಟರ್ ಹಾಕಿದೆ. ಕೇಬಲ್ ಎರಡೂ ಕಡೆ ಹಸಿರು. ಓಎಸ್‌ಪಿಎಫ್ ನೇಬರ್ ಬರ್ತಿಲ್ಲ, ಎರಡೂ ರೂಟರ್ ಒಂದನ್ನೊಂದು ಗುರುತಿಸ್ತಿಲ್ಲ. ಪ್ಯಾಕೆಟ್ ಟ್ರೇಸರ್ ಬಗ್ ಇರ್ಬೇಕು.

ಬಸು, 11:22
ಬಗ್ ಇಲ್ಲಪಾ. ಪಿಂಗ್ ಹೋಗ್ತದೇನು? ಎರಡೂ ಕಡೆ ವಿಳಾಸ ಬರಿ.

ಮಂಜು, 11:23
ಪಿಂಗೂ ಇಲ್ಲ. ಒಂದು ಕಡೆ 10.1.12.2/30, ಇನ್ನೊಂದು ಕಡೆ 10.1.12.5/30.

ಸುಮಾ, 11:24
/30ಕ್ಕೆ ಎಷ್ಟರ ಹೆಜ್ಜೆ?

ಮಂಜು, 11:26
ನಾಲ್ಕು. 0, 4, 8... ಅಯ್ಯೋ. 2 ಇರೋದು 0ರ ಮನೇಲಿ, 5 ಇರೋದು 4ರ ಮನೇಲಿ.

ಮಂಜು, 11:31
5 ತೆಗೆದು 1 ಕೊಟ್ಟೆ. ನೇಬರ್ ‘ಫುಲ್’ ಅಂತ ಬಂತು!

ಗುರು, 11:40
ಹಾಗಾದ್ರೆ ಸ್ವಿಚ್ ಬೇಡ್ವೇನೋ? ಅಂಗಡಿಯವರಿಗೆ ಎತ್ತಿಡಿ ಅಂತ ಹೇಳಿಬಿಟ್ಟಿದ್ದೀನಲ್ಲೋ.