ಸಹಾಯ ಬೇಕು: ಮೀಟರ್ ಗೇಜ್ ಕಾಲದ ರೈಲ್ವೆ ಹಿರಿಯರು ಯಾರಾದರೂ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನಾನು ಗದಗ ಹತ್ತಿರದ ಹೈಸ್ಕೂಲಿನಲ್ಲಿ ಟೀಚರ್. ಮುಂದಿನ ತಿಂಗಳು ಎಂಟನೇ ತರಗತಿ ಮಕ್ಕಳನ್ನು ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಗದಗ ರಸ್ತೆ ಕಡೆ 2020ರಲ್ಲಿ ಶುರುವಾಯ್ತಲ್ಲ, ಅದೇ. ಹಾಗೇ ಹುಬ್ಬಳ್ಳಿ ಸ್ಟೇಷನ್‌ನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೂ ಒಮ್ಮೆ ನಡೆಸುವ ಆಸೆ.

ಸುಮ್ನೆ ಇಂಜಿನ್ ಮುಂದೆ ಫೋಟೋ ಹೊಡೆಸಿಕೊಂಡು ಬರೋದು ನನಗೆ ಇಷ್ಟವಿಲ್ಲ. ಮೀಟರ್ ಗೇಜ್ ಅಂದರೇನು ಅಂತಲೇ ಈ ಮಕ್ಕಳಿಗೆ ಗೊತ್ತಿಲ್ಲ. ಹಳಿಗಳ ನಡುವೆ ಬರೀ ಒಂದು ಮೀಟರ್ ಜಾಗ. ಈಗಿನ ಬ್ರಾಡ್ ಗೇಜ್‌ಗೆ 1,676 ಮಿಲಿಮೀಟರ್. ಬ್ರಿಟಿಷರ ಕಾಲದ ಸದರ್ನ್ ಮರಾಠಾ ರೈಲ್ವೆ ಕಂಪನಿ ನಮ್ಮ ಭಾಗಕ್ಕೆ ಹಾಕಿದ್ದು ಆ ಸಣ್ಣ ಹಳಿಯನ್ನೇ. ಟಿಕೆಟ್ ಅಂದರೆ ದಪ್ಪ ರಟ್ಟಿನ ಚೂರು. ಕೌಂಟರಿನ ಯಂತ್ರಕ್ಕೆ ತೂರಿಸಿದರೆ ಟಕ್ ಅಂತ ತಾರೀಕು ಬೀಳುತ್ತಿತ್ತು. ಇದನ್ನೆಲ್ಲ ಕೈಯಾರೆ ಮಾಡಿದವರ ಬಾಯಿಂದಲೇ ಕೇಳಬೇಕು ಅಲ್ವಾ?

ಹುಬ್ಬಳ್ಳಿ ವರ್ಕ್‌ಶಾಪ್‌ನಲ್ಲೋ ಗದಗ ಸ್ಟೇಷನ್‌ನಲ್ಲೋ ದುಡಿದು ರಿಟೈರ್ ಆದ ಅಜ್ಜ, ಕಾಕಾ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. ಒಂದು ತಾಸು ಮಾತಾಡಿದರೂ ಸಾಕು. ಕರೆದುಕೊಂಡು ಹೋಗಿ ವಾಪಸ್ ಮನೆಗೆ ಬಿಡುವ ಜವಾಬ್ದಾರಿ ನಮ್ಮದು.

ಮ್ಯೂಸಿಯಂಗೆ ವಾರದ ರಜೆ ಯಾವತ್ತು, ಶಾಲೆಯವರು ಮುಂಚೆಯೇ ಹೇಳಬೇಕಾ ಅಂತ ಇತ್ತೀಚೆಗೆ ಹೋಗಿಬಂದವರು ತಿಳಿಸಿ. ಹಳೇ ರಟ್ಟಿನ ಟಿಕೆಟ್ ಇಟ್ಟುಕೊಂಡವರು ಕಾಮೆಂಟಿನಲ್ಲಿ ಫೋಟೋ ಹಾಕಿ, ಪ್ಲೀಸ್.